ಕಿಟಕಿಯ ಪಕ್ಕದ ಸೀಟು ಯಾರಿಗೆ?



ನಮ್ಮ ಸೀಮೆಯಲ್ಲಿ ಬಸ್ಸು ನಿಲ್ದಾಣದೊಳಕ್ಕೆ ತಿರುಗಿ ನಿಲ್ಲುವ ಮುನ್ನವೇ ಅದರ ಕಿಟಕಿಗಳೊಳಗೆ ಟವೆಲ್ಲು, ಕರವಸ್ತ್ರ, ಕೈಚೀಲಗಳು ತೂರಿ ಬೀಳುವುದನ್ನು ನೀವೆಲ್ಲರೂ ಬಲ್ಲಿರಿ. ಕೊಪ್ಪಳವಿರಲಿ, ಗಂಗಾವತಿಯಿರಲಿ, ಕುಷ್ಟಗಿ, ಯಲಬುರ್ಗಾಗಳಿರಲಿ, ಈ ಪದ್ಧತಿ ಒಂದೇ. ಆ ಟವೆಲ್ಲಿಗೆ ಯಾವ ಕಾನೂನಿನ ಬಲವೂ ಇಲ್ಲ. ಆದರೂ ಅದನ್ನು ಎತ್ತಿ ಬದಿಗೆಸೆದು ಕೂರುವವರು ವಿರಳ. ತಡವಾಗಿ ಬಸ್ಸೇರಿದವರು ಖಾಲಿ ಕಂಡ ಸೀಟಿನ ಬಳಿ ನಿಂತು, "ಇಲ್ಲಿ ಯಾರರ ಅದಾರೇನ್ರೀ?" ಎಂದು ಕೇಳಿಯೇ ಕೂರುತ್ತಾರೆ. ಇದೇ ಪ್ರಶ್ನೆಯನ್ನು ತನ್ನ ಹೆಸರಾಗಿ ಇಟ್ಟುಕೊಂಡ ಮೊಬೈಲ್ ಆಟವೊಂದಿದೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರದ 'ಪೋಟಿ ಪೋಟಿ' ಎಂಬ ಪುಟ್ಟ ಸಂಸ್ಥೆ ರೂಪಿಸಿದ 'ಈಸ್ ದಿಸ್ ಸೀಟ್ ಟೇಕನ್?' ಎಂಬ ಈ ಆಟ 2025ರ ಆಗಸ್ಟ್ ತಿಂಗಳಲ್ಲಿ ಬಿಡುಗಡೆಯಾಯಿತು. ಪುಸ್ತಕ, ನಾಟಕ, ಚಲನಚಿತ್ರಗಳನ್ನು ವಿಮರ್ಶಿಸುವಂತೆಯೇ ಆಟವನ್ನೂ ವಿಮರ್ಶಿಸಬೇಕಾದ ಕಾಲ ಬಂದಿದೆ ಎಂಬುದು ನನ್ನ ನಂಬಿಕೆ. ಏಕೆಂದರೆ ನಮ್ಮ ಮನೆಗಳ ಮಕ್ಕಳು ಸಂಜೆಯ ಹೊತ್ತು ಕೈಯಲ್ಲಿ ಹಿಡಿದು ಕೂರುವುದು ಪುಸ್ತಕವನ್ನಲ್ಲ, ಇದನ್ನು. ಅವರು ಏನನ್ನು ಆಡುತ್ತಿದ್ದಾರೆ ಎಂದು ಬಗ್ಗಿ ನೋಡದೆ, "ಮೊಬೈಲ್ ಬಿಡು" ಎಂದು ಗದರಿಸುವುದಷ್ಟೇ ಹಿರಿಯರ ಕೆಲಸವಾಗಬಾರದು.

ಆಟದ ಹೂರಣ ಸರಳವಾದುದು. ಒಂದು ಬಸ್ಸು, ಒಂದು ಚಿತ್ರಮಂದಿರ, ಒಂದು ಮದುವೆಯ ಊಟದ ಮನೆ, ಹೀಗೆ ಒಂದೊಂದು ಹಂತದಲ್ಲಿ ಒಂದೊಂದು ತಾಣ. ಅಲ್ಲಿಗೆ ಬರುವವರು ಮನುಷ್ಯರಲ್ಲ. ಚೌಕ, ತ್ರಿಕೋನ, ವೃತ್ತ ಮೊದಲಾದ ಆಕೃತಿಗಳು. ಕಣ್ಣು, ಕೈಕಾಲುಗಳಿರುವ ಆಕೃತಿಗಳು! ಪ್ರತಿಯೊಂದಕ್ಕೂ ಒಂದೊಂದು ಬೇಕು-ಬೇಡ. ಒಬ್ಬರಿಗೆ ಕಿಟಕಿ ಬೇಕು, ಇನ್ನೊಬ್ಬರಿಗೆ ಗೆಳೆಯರ ಪಕ್ಕವೇ ಬೇಕು, ಮತ್ತೊಬ್ಬರಿಗೆ ಗಟ್ಟಿ ಸಂಗೀತ ಬೇಡ, ಮಗದೊಬ್ಬರಿಗೆ ಸುಗಂಧದ ಘಾಟು ಆಗದು. ಆಡುವವರು ಬೆರಳಿನಿಂದ ಒಬ್ಬೊಬ್ಬರನ್ನೇ ಎತ್ತಿ ಸೂಕ್ತ ಸ್ಥಳದಲ್ಲಿ ಕೂರಿಸಬೇಕು. ಎಲ್ಲರ ಮುಖವೂ ಅರಳಿದರೆ ಹಂತ ಮುಗಿಯಿತು. ಇವುಗಳ ನಡುವೆ ಚಲನಚಿತ್ರದಲ್ಲಿ ನಟಿಸುವ ಹಂಬಲವುಳ್ಳ 'ನ್ಯಾಟ್' ಎಂಬ ವಜ್ರಾಕೃತಿಯ ಪಾತ್ರದ ಸಣ್ಣ ಕಥೆಯೊಂದು ಹರಿಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಡಿಯಾರದ ಓಟವಿಲ್ಲ, ಯಾರನ್ನೂ ಸೋಲಿಸಬೇಕಾಗಿಲ್ಲ, ಗುಂಡು ಹಾರಿಸಬೇಕಾಗಿಲ್ಲ. ಇದು ಸಣ್ಣ ಗುಣವಲ್ಲ. ಮಕ್ಕಳ ಎದೆಬಡಿತವನ್ನು ಹೆಚ್ಚಿಸಿ ಕಾಸು ಮಾಡಿಕೊಳ್ಳುವ ಆಟಗಳ ಸಂತೆಯಲ್ಲಿ, "ನಿಧಾನವಾಗಿ ಯೋಚಿಸು" ಎನ್ನುವ ಆಟ ಸಿಕ್ಕುವುದೇ ಅಪರೂಪ.

ಇಂತಹ ಒಗಟುಗಳು ಇಂದಿನವಲ್ಲ. ಹುಲಿ, ಆಡು ಮತ್ತು ಹುಲ್ಲಿನ ಕಟ್ಟನ್ನು ಒಂದೇ ದೋಣಿಯಲ್ಲಿ ಹೊಳೆ ದಾಟಿಸುವ ಒಗಟನ್ನು ನಿಮಗೆ ನಿಮ್ಮ ಅಜ್ಜನೋ ಅಜ್ಜಿಯೋ ಹೇಳಿಯೇ ಇರುತ್ತಾರೆ. ಯುರೋಪಿನಲ್ಲಿ ಅದು ತೋಳ, ಮೇಕೆ ಮತ್ತು ಎಲೆಕೋಸಿನ ಒಗಟು. ಕ್ರಿ.ಶ. 804ರಲ್ಲಿ ತೀರಿಕೊಂಡ ಅಲ್ಕ್ವಿನ್ ಎಂಬ ವಿದ್ವಾಂಸರ ಹೆಸರಿನಲ್ಲಿ ಉಳಿದುಬಂದಿರುವ, ಎಳೆಯರ ಬುದ್ಧಿಯನ್ನು ಹರಿತಗೊಳಿಸಲೆಂದೇ ಸಂಗ್ರಹಿಸಿದ ಲೆಕ್ಕಗಳಲ್ಲಿ ಅದು ಸೇರಿದೆ. ಅಲ್ಕ್ವಿನ್ ಧರ್ಮಸಭೆಯ ಉಪಯಾಜಕರಾಗಿದ್ದರು. ಶಾರ್ಲಮೇನ್ ಚಕ್ರವರ್ತಿಯ ಆಸ್ಥಾನದಲ್ಲಿ ಶಾಲೆ ನಡೆಸಿದವರು. ಪಾಠ ಹೇಳುವವರು ಒಗಟನ್ನೂ ಹೇಳಬೇಕು ಎಂಬ ಅವರ ತಿಳಿವಳಿಕೆ ನಮ್ಮ ಧರ್ಮೋಪದೇಶದ ತರಗತಿಗಳಿಗೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಅದೇ ಒಂಬತ್ತನೆಯ ಶತಮಾನದಲ್ಲಿ ನಮ್ಮ ನೆಲದಲ್ಲಿ ನಡೆದುದು ಇನ್ನೂ ಹಿರಿದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅವರು ಕೊಟ್ಟ ಸಾಮಾನ್ಯ ನಿಯಮವನ್ನೇ ಇಂದಿಗೂ ಕಾಲೇಜಿನ ಮಕ್ಕಳು ಬೇರೆ ಸಂಕೇತಗಳಲ್ಲಿ ಬರೆಯುತ್ತಾರೆ. ಅದೇ ಅರಸನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣನಗರ, ಅಂದರೆ ನಮ್ಮ ಕೊಪ್ಪಳ, ಒಂದು. ಲೆಕ್ಕವೂ ಭಾಷೆಯೂ ಒಂದೇ ಆಸ್ಥಾನದ ನೆರಳಿನಲ್ಲಿ ಬೆಳೆದವು. ಕೊಪ್ಪಳದ ಮಗುವೊಂದು ಬಾರ್ಸಿಲೋನಾದ ಆಟವನ್ನು ಆಡುವಾಗ ಅದು ಪರದೇಶದ ವಿದ್ಯೆಯನ್ನು ಎರವಲು ಪಡೆಯುತ್ತಿದೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಇನ್ನು ಒಗಟಿಗೆ ಬರೋಣ. ಆಟದ ಒಂದು ಹಂತವನ್ನೇ ಇಲ್ಲಿ ಬಿಡಿಸಿ ತೋರಿಸಿದರೆ ಆಡುವವರ ಸುಖ ಕೆಡುತ್ತದೆ. ಆದುದರಿಂದ ಅದೇ ಮಾದರಿಯಲ್ಲಿ ನಮ್ಮ ಕಡೆಯ ಒಗಟೊಂದನ್ನು ಕಟ್ಟಿದ್ದೇನೆ. ಒಂದು ಹಾಳೆ, ಒಂದು ಸೀಸದ ಕಡ್ಡಿ, ಆರು ಹುಣಸೆ ಬೀಜಗಳನ್ನು ತೆಗೆದುಕೊಳ್ಳಿ.

ಕುಷ್ಟಗಿಯಿಂದ ಯಲಬುರ್ಗಾ ಮಾರ್ಗವಾಗಿ ಕೊಪ್ಪಳಕ್ಕೆ ಹೊರಟ ಬಸ್ಸು. ಬಾಗಿಲಿನಿಂದ ಹಿಂದಕ್ಕೆ ಮೂರು ಸಾಲು. ಸಾಲಿಗೆ ಎರಡು ಸೀಟು, ಒಂದು ಕಿಟಕಿಯ ಪಕ್ಕದ್ದು, ಇನ್ನೊಂದು ನಡುದಾರಿಯ ಪಕ್ಕದ್ದು. ಪ್ರಯಾಣಿಕರು ಆರು ಮಂದಿ. ಬಸ್ಸಿನ ಓಟಕ್ಕೆ ಹೊಟ್ಟೆ ತೊಳಸುವ ಅಜ್ಜಿಗೆ ಕಿಟಕಿ ಬೇಕು. ಕೊನೆಯ ಸಾಲಿನ ಕುಲುಕಾಟ ಆಗದು. ಮೊಮ್ಮಗಳು ಅಜ್ಜಿಯ ಪಕ್ಕವನ್ನು ಬಿಟ್ಟು ಕೂರಲಾರಳು. ಪರೀಕ್ಷೆಗೆ ಹೊರಟ ಹುಡುಗನಿಗೆ ಓದಲು ಕಿಟಕಿಯ ಬೆಳಕು ಬೇಕು; ಅವನ ಸಾಲಿನಲ್ಲಾಗಲಿ, ಅದಕ್ಕೆ ಹೊಂದಿದ ಮುಂದಿನ ಅಥವಾ ಹಿಂದಿನ ಸಾಲಿನಲ್ಲಾಗಲಿ ಮಾತಿನ ಗದ್ದಲವಿರಬಾರದು. ಗಂಗಾವತಿಯ ಅಕ್ಕಿ ದಲಾಲರೊಬ್ಬರು ದಾರಿಯುದ್ದಕ್ಕೂ ಫೋನಿನಲ್ಲಿ ದರ ಕೂಗುತ್ತಿರುತ್ತಾರೆ. ಗದ್ದಲವೆಂದರೆ ಇವರದು ಮಾತ್ರ. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡ ರೈತರು ಯಲಬುರ್ಗಾದಲ್ಲಿ ಇಳಿಯಬೇಕಾದ್ದರಿಂದ ಅವರಿಗೆ ಬಾಗಿಲ ಬಳಿಯ ಮೊದಲ ಸಾಲೇ ಆಗಬೇಕು. ಆರನೆಯವರು ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ. ತಲೆಯೊರಗಿಸಿ ನಿದ್ರಿಸಲು ಅವರಿಗೆ ಕಿಟಕಿ ಬೇಕು.

ಮುಂದಕ್ಕೆ ಓದುವ ಮುನ್ನ ನೀವೊಮ್ಮೆ ಪ್ರಯತ್ನಿಸಿ.

ಈ ಒಗಟನ್ನು ಎತ್ತಿಕೊಂಡವರಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸ ಅಜ್ಜಿಯನ್ನು ಮೊದಲ ಸಾಲಿನಲ್ಲಿ ಕೂರಿಸುವುದು. ವಯಸ್ಸಾದವರಿಗೆ ಮುಂದಿನ ಸೀಟು ಎನ್ನುವುದು ನಮ್ಮ ಸಂಸ್ಕಾರ. ಒಗಟು ನಮ್ಮನ್ನು ಹಿಡಿಯುವುದು ಅಲ್ಲಿಯೇ. ಅಜ್ಜಿ ಕೇಳಿದ್ದು ಕಿಟಕಿಯನ್ನು, ಮತ್ತು ಕೊನೆಯ ಸಾಲು ಬೇಡವೆಂಬುದನ್ನು, ಮೊದಲ ಸಾಲನ್ನಲ್ಲ. ಎರಡನೆಯ ಬಲೆ ನರ್ಸಮ್ಮನದು. ನಿದ್ರಿಸುವವರಿಗೆ ನಿಶ್ಶಬ್ದ ಬೇಕೇ ಬೇಕು ಎಂದು ನಾವೇ ತೀರ್ಮಾನಿಸಿ, ದಲಾಲರನ್ನು ಅವರಿಂದ ದೂರವಿಡಲು ಹೆಣಗುತ್ತೇವೆ. ಹಾಗೆ ಮಾಡಿದರೆ ದಲಾಲರಿಗೆ ಬಸ್ಸಿನಲ್ಲಿ ಜಾಗವೇ ಉಳಿಯುವುದಿಲ್ಲ: ಅಜ್ಜಿಯ ಪಕ್ಕ ಮೊಮ್ಮಗಳಿದ್ದಾಳೆ, ಹುಡುಗನ ಪಕ್ಕ ಸಲ್ಲದು, ನರ್ಸಮ್ಮನ ಪಕ್ಕ ನಾವೇ ಕೊಡಲೊಲ್ಲೆವು. "ಈ ಲೆಕ್ಕಕ್ಕೆ ಉತ್ತರವೇ ಇಲ್ಲ" ಎಂದು ಹಾಳೆಯನ್ನು ಮಡಿಚುವವರು ನರ್ಸಮ್ಮ ಆಡದ ಮಾತನ್ನು ಅವರ ಬಾಯಲ್ಲಿ ಇಟ್ಟವರು. ಹನ್ನೆರಡು ಗಂಟೆ ನಿಂತೇ ದುಡಿದವರಿಗೆ ಅಕ್ಕಿಯ ದರ ಜೋಗುಳವೂ ಆದೀತು!

ಕೊಟ್ಟ ಮಾತುಗಳನ್ನಷ್ಟೇ ಹಿಡಿದು ನಡೆದರೆ ದಾರಿ ತಾನಾಗಿ ಕಿರಿದಾಗುತ್ತ ಬರುತ್ತದೆ. ಆರು ಜನರನ್ನು ಆರು ಸೀಟುಗಳಲ್ಲಿ 720 ಬಗೆಯಲ್ಲಿ ಕೂರಿಸಬಹುದು. ಕಿಟಕಿಗೆ ಮೂವರನ್ನು ಆರಿಸುವ ಬಗೆಗಳೆಷ್ಟು? ಮಹಾವೀರಾಚಾರ್ಯರ ನಿಯಮದಂತೆ ಆರು, ಐದು, ನಾಲ್ಕನ್ನು ಗುಣಿಸಿದರೆ 120, ಒಂದು, ಎರಡು, ಮೂರನ್ನು ಗುಣಿಸಿದರೆ 6, ಭಾಗಿಸಿದರೆ 20. ಈ ಇಪ್ಪತ್ತು ಆಯ್ಕೆಗಳಲ್ಲಿ ನಮಗೆ ಒಪ್ಪಿಗೆಯಾಗುವುದು ಒಂದೇ: ಅಜ್ಜಿ, ಹುಡುಗ, ನರ್ಸಮ್ಮ. ಆದುದರಿಂದ 720 ಒಮ್ಮೆಲೇ 36ಕ್ಕೆ ಇಳಿಯಿತು. ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತೊಡನೆ 36 ಇದ್ದದ್ದು 12 ಆಯಿತು. ಹುಡುಗನ ಪಕ್ಕ ದಲಾಲರು ಸಲ್ಲದು ಎಂದ ಮೇಲೆ ಅವನ ಪಕ್ಕ ಕೋಳಿಯ ಬುಟ್ಟಿಯವರೇ. ದಲಾಲರು ನರ್ಸಮ್ಮನ ಪಕ್ಕ. ಈಗ ಜೋಡಿಗಳು ಮೂರು, ಸಾಲುಗಳು ಮೂರು; ಉಳಿದ ಬಗೆಗಳು 6. ಹುಡುಗನಿಗೂ ದಲಾಲರಿಗೂ ನಡುವೆ ಒಂದು ಸಾಲಿನ ಅಂತರ ಬೇಕೆಂದರೆ ಅವರಲ್ಲೊಬ್ಬರು ಮೊದಲ ಸಾಲು, ಇನ್ನೊಬ್ಬರು ಮೂರನೆಯ ಸಾಲು, ಅಜ್ಜಿ ನಡುವೆ. ಉಳಿದದ್ದು 2. ಕೋಳಿಯವರು ಮೊದಲ ಸಾಲಿನವರಾದ್ದರಿಂದ ಅವರ ಜೊತೆಗಾರನಾದ ಹುಡುಗನೂ ಅಲ್ಲಿಯೇ. ಉಳಿದದ್ದು ಒಂದೇ ಒಂದು. ಮೊದಲ ಸಾಲಿನಲ್ಲಿ ಕಿಟಕಿಗೆ ಹುಡುಗ, ಪಕ್ಕದಲ್ಲಿ ಕೋಳಿಯ ರೈತರು. ಎರಡನೆಯದರಲ್ಲಿ ಅಜ್ಜಿ ಮತ್ತು ಮೊಮ್ಮಗಳು. ಮೂರನೆಯದರಲ್ಲಿ ನರ್ಸಮ್ಮ ಮತ್ತು ದಲಾಲರು. ಅಜ್ಜಿಗೆ ಕೊನೆಯ ಸಾಲು ಬೇಡವೆಂಬ ಸೂಚನೆ ಕಡೆಗೂ ಉಪಯೋಗಕ್ಕೆ ಬರಲಿಲ್ಲ. ಅದು ತಾನಾಗಿ ನೆರವೇರಿತು. ದಾರಿ ತಪ್ಪಿಸಲೆಂದೇ ಅದನ್ನು ಅಲ್ಲಿ ಇಟ್ಟದ್ದು.

ಇಲ್ಲಿ ನಡೆದುದೇನೆಂದು ಗಮನಿಸಿ. ಒಂದು ಬೀಜವನ್ನೂ ಎತ್ತಿ ಇಡದೆಯೇ 720 ದಾರಿಗಳಲ್ಲಿ 719ನ್ನು ಮುಚ್ಚಿದೆವು. ತರ್ಕದ ನಿಜವಾದ ಸುಖ ಇದು. ನಮ್ಮ ಆಟವು ಎಡವುವುದೂ ಇಲ್ಲಿಯೇ ಎಂದು ನನಗೆ ತೋರುತ್ತದೆ. ಅದರಲ್ಲಿ ಆಕೃತಿಯೊಂದನ್ನು ಸೀಟಿನ ಮೇಲೆ ಇಟ್ಟ ಕ್ಷಣವೇ ಅದರ ಮುಖ ಅರಳುತ್ತದೆ ಅಥವಾ ಬಾಡುತ್ತದೆ. ಆಡುವವರಿಗೆ ಇದು ಹಿತವಾದ ಸೌಕರ್ಯ. ಆದರೆ ಯೋಚಿಸುವ ಮೊದಲೇ ಉತ್ತರದ ಸುಳಿವು ಸಿಗುವಾಗ ಮಗು ಯೋಚಿಸುವುದೇಕೆ? ಇಲ್ಲಿ ಇಟ್ಟು ನೋಡು, ಅಲ್ಲಿ ಇಟ್ಟು ನೋಡು, ಬಾಡಿದರೆ ತೆಗೆ, ಅರಳಿದರೆ ಬಿಡು. ಹೀಗೆ ಬೆರಳು ಓಡಾಡಿ ಓಡಾಡಿ ಕೊನೆಗೆ ಎಲ್ಲರೂ ನಗುತ್ತಾರೆ. ಏಕೆ ನಕ್ಕರೆಂಬುದು ಆಡಿದವರಿಗೇ ತಿಳಿದಿರುವುದಿಲ್ಲ. ಇದನ್ನು ಒಗಟು ಬಿಡಿಸಿದ್ದು ಎನ್ನಲಾದೀತೆ? ಕೀಲಿಕೈಗಳ ಗೊಂಚಲಿನಿಂದ ಒಂದೊಂದನ್ನೇ ತೂರಿಸಿ ಬೀಗ ತೆಗೆದವನನ್ನು ನಾವು ಜಾಣನೆನ್ನುವುದಿಲ್ಲ. ಹಂತಗಳು ಮುಂದುವರಿದು ಜನ ಹೆಚ್ಚಿದಂತೆ ಈ ಬೆರಳಾಟ ಕೈಕೊಡುತ್ತದೆ, ನಿಜ. ಒಬ್ಬರನ್ನು ಸರಿಸಿದರೆ ಮೂವರ ಮುಖ ಬಾಡುತ್ತದೆ. ಆದರೆ ಆ ಹೊತ್ತಿಗೆ ಮಗುವಿಗೆ ಬೆರಳಿನ ಚಾಳಿ ಅಂಟಿರುತ್ತದೆ, ತಾಳ್ಮೆ ಹೋಗಿರುತ್ತದೆ. ತಂದೆತಾಯಿಗಳಿಗೆ ನನ್ನ ಸಲಹೆ ಇಷ್ಟೇ: ಪರದೆಯನ್ನು ಮುಟ್ಟುವ ಮುನ್ನ, "ಇವರು ಇಲ್ಲಿಯೇ ಏಕೆ?" ಎಂದು ಮಗುವನ್ನು ಒಮ್ಮೆ ಕೇಳಿರಿ. ಉತ್ತರವನ್ನು ಬಾಯಿ ಬಿಟ್ಟು ಹೇಳಿದ ಮೇಲೆಯೇ ಬೆರಳು ಚಲಿಸಲಿ.

ಎರಡನೆಯ ಆಕ್ಷೇಪ ಸ್ವಲ್ಪ ಆಳದ್ದು. ಈ ಆಟದ ಲೋಕದಲ್ಲಿ ಯಾರೂ ತಮ್ಮ ಬೇಡಿಕೆಯನ್ನು ಬಿಟ್ಟುಕೊಡುವುದಿಲ್ಲ. ಕಿಟಕಿ ಬೇಕೆಂದವರಿಗೆ ಕಿಟಕಿ ಸಿಗುವತನಕ ಮುಖ ಅರಳದು. ನಮ್ಮ ಬಸ್ಸುಗಳಲ್ಲಿ ಹಾಗಲ್ಲವೆಂಬುದು ನಿಮಗೆ ಗೊತ್ತು. ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಿ ಮೆಟ್ಟಿಲೇರಿದೊಡನೆ ಯಾರೋ ಒಬ್ಬರು, "ಕುಂದರ್ರಿ ತಂಗಿ, ನಾ ಇಲ್ಲೇ ಮುಂದ ಇಳೀತೀನಿ" ಎಂದು ಏಳುತ್ತಾರೆ. ಅವರು ಇಳಿಯುವುದು ಇನ್ನೂ ಐದು ಊರುಗಳಾಚೆ! ಆ ಸಣ್ಣ ಸುಳ್ಳಿಗೆ ನಾನಂತೂ ಪಾಪನಿವೇದನೆ ಕೇಳಲಾರೆ. 2023ರ ಜೂನ್ 11ರಂದು ರಾಜ್ಯದಲ್ಲಿ 'ಶಕ್ತಿ' ಯೋಜನೆ ಆರಂಭವಾಗಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ, ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಮೀಸಲಿಡಬೇಕೆಂಬ ನಿಯಮವೂ ಜೊತೆಗೆ ಬಂತು. ಕಾಗದದ ಮೇಲೆ ಅದು ಸ್ಪಷ್ಟವಾದ ಸೂಚನೆ. ಆದರೆ ಜನರು ಸೀಟು ಹಂಚಿಕೊಳ್ಳುವುದು ಸೂಚನೆಗಿಂತ ಹೆಚ್ಚಾಗಿ ದಾಕ್ಷಿಣ್ಯದಿಂದ, ಅನುಕಂಪದಿಂದ, ಒಮ್ಮೊಮ್ಮೆ ಜಗಳದಿಂದಲೂ.

ಆಟವನ್ನು ಕಟ್ಟಿದವರ ಪರವಾಗಿ ಒಂದು ಮಾತು ಹೇಳಲೇಬೇಕು. ಪಾತ್ರಗಳು ಮನಸ್ಸು ಬದಲಿಸತೊಡಗಿದರೆ ಒಗಟು ಒಗಟಾಗಿ ಉಳಿಯುವುದಿಲ್ಲ. ನಮ್ಮ ಮೇಲಿನ ಬಸ್ಸಿನಲ್ಲಿ ದಲಾಲರು, "ಆಗಲಿ, ಹುಡುಗ ಓದಲಿ, ಕೊಪ್ಪಳದವರೆಗೆ ಫೋನು ಮುಚ್ಚಿಡುತ್ತೇನೆ" ಎಂದುಬಿಟ್ಟರೆ ಒಂದೇ ಉತ್ತರದ ಜಾಗದಲ್ಲಿ ಎರಡು ಉತ್ತರಗಳು ಹುಟ್ಟಿಕೊಳ್ಳುತ್ತವೆ (ಎಣಿಸಿ ನೋಡಿ). ದಯೆ ಒಗಟನ್ನು ಸಡಿಲಗೊಳಿಸುತ್ತದೆ. ತರ್ಕಕ್ಕೆ ಗಟ್ಟಿಯಾದ ನೆಲ ಬೇಕು. ಅದಕ್ಕಾಗಿ ಅದು ಮನುಷ್ಯರನ್ನು ಆಕೃತಿಗಳನ್ನಾಗಿ ಮಾಡಿಕೊಳ್ಳುತ್ತದೆ. ಬಾರ್ಸಿಲೋನಾದವರು ಅದನ್ನು ಮರೆಮಾಚದೆ, ಪಾತ್ರಗಳನ್ನು ನಿಜವಾಗಿಯೇ ಚೌಕ ತ್ರಿಕೋನಗಳನ್ನಾಗಿ ಬರೆದಿರುವುದನ್ನು ನಾನು ಅವರ ಪ್ರಾಮಾಣಿಕತೆಯೆಂದೇ ಎಣಿಸುತ್ತೇನೆ.

ಆದರೆ "ಇಂಥವರ ಪಕ್ಕ ಕೂರಲಾರೆ" ಎಂಬ ಸೂಚನೆ ಪರದೆಯ ಮೇಲೆ ಬಂದಾಗ ನಮ್ಮ ಜಿಲ್ಲೆಯವರು ಅದನ್ನು ಬರಿಯ ಆಟದ ಮಾತಾಗಿ ಓದಿ ಮುಂದೆ ಹೋಗುವುದು ಕಷ್ಟ. ಗಂಗಾವತಿ ತಾಲ್ಲೂಕಿನ ಮರಕುಂಬಿಯ ಹೆಸರನ್ನು ನೀವು ಮರೆತಿರಲಾರಿರಿ. ಆ ಊರಿನ ಕ್ಷೌರದಂಗಡಿ ಮತ್ತು ಚಹಾದ ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ್ದನ್ನು ಪ್ರಶ್ನಿಸಿದ ಹಿನ್ನೆಲೆಯಲ್ಲಿ, 2014ರ ಆಗಸ್ಟ್ 28ರಂದು ದಲಿತರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ಅನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷಗಳ ಸಜೆಯನ್ನೂ ವಿಧಿಸಿತು. ಮುಂದಿನ ತಿಂಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠದಿಂದ ಅವರಲ್ಲಿ ಬಹುಪಾಲು ಜನರಿಗೆ ಜಾಮೀನು ದೊರೆಯಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಪುಟ್ಟ ಮಗುವೊಂದು ಓಡಿಹೋಗಿ ಗುಡಿಯೊಳಗೆ ಕಾಲಿಟ್ಟಿತೆಂದು ಅದರ ಹೆತ್ತವರಿಗೆ ಸುಮಾರು 25 ಸಾವಿರ ರೂಪಾಯಿ ದಂಡ ಹೇಳಿದ್ದೂ ದೇಶಕ್ಕೇ ತಿಳಿದ ಸಂಗತಿ. ಯಾರು ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿಗೆ ಕಾಲಿಡಬಾರದು ಎಂಬ ಈ ಒಗಟನ್ನು ಕಟ್ಟಿದವರು ಅದರಿಂದ ಹಾನಿಯುಂಡವರಲ್ಲ. ಹುಟ್ಟಿದ ಮಗುವಿಗೆ ಮಾತು ಬರುವ ಮುನ್ನವೇ ಅದರ ಸೀಟು ಗೊತ್ತಾಗಿರುತ್ತದೆ.

ಅನ್ಯರ ಮನೆಯ ದೋಸೆ ತೂತೆಂದು ಎತ್ತಿ ತೋರಿಸಿದರೆ ಸಾಲದು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಕಟ್ಟಿದ ಕಥೋಲಿಕ ದೇವಾಲಯದಲ್ಲಿ ಎರಡು ಜಾತಿಯ ಭಕ್ತರು ಒಬ್ಬರನ್ನೊಬ್ಬರು ಕಾಣದಂತೆ ಗೋಡೆಯಿತ್ತು. ಎರಡೂ ಬದಿಯವರ ಕಣ್ಣು ಸೇರುತ್ತಿದ್ದುದು ಬಲಿಪೀಠದಲ್ಲಿ ಮಾತ್ರ. 1910ರಲ್ಲಿ ಆ ಗೋಡೆಯನ್ನು ಕೆಡವಿದಾಗ, ಅದನ್ನು ಮತ್ತೆ ಬೇಡಿದವರು ನ್ಯಾಯಾಲಯದ ಮೆಟ್ಟಿಲೇರಿದರು. ಸಭೆಗೆ ಬಂದ ಸಿರಿವಂತನಿಗೆ ಒಳ್ಳೆಯ ಆಸನವನ್ನು ತೋರಿಸಿ ಬಡವನನ್ನು ಕಾಲ ಬಳಿ ಕೂರಿಸುವವರನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಎಷ್ಟು ಕಟುವಾಗಿ ಪ್ರಶ್ನಿಸಿದ್ದಾರೆಂಬುದನ್ನು ಆ ದೇವಾಲಯದಲ್ಲಿಯೂ ಓದುತ್ತಿದ್ದರಲ್ಲವೇ?

ಈ ಹಿನ್ನೆಲೆಯಲ್ಲಿ ಆಟವನ್ನು ಮತ್ತೊಮ್ಮೆ ನೋಡಿದಾಗ ಅದರ ಒಂದು ಗುಣ ಎದ್ದು ಕಾಣುತ್ತದೆ. ಅಲ್ಲಿ ಒಬ್ಬರನ್ನು ಒಲ್ಲೆನೆನ್ನಲು ಕಾರಣ ಅವರು ಮಾಡುವ ಕೆಲಸ: ಗಟ್ಟಿಯಾಗಿ ಹಾಡು ಹಾಕುವುದು, ಸುಗಂಧವನ್ನು ಅತಿಯಾಗಿ ಪೂಸಿಕೊಳ್ಳುವುದು, ಸ್ನಾನ ಮಾಡದಿರುವುದು. ಚೌಕವಾಗಿ ಹುಟ್ಟಿದ್ದಕ್ಕಾಗಿ ಚೌಕವನ್ನು ಬಸ್ಸಿನಿಂದ ಇಳಿಸುವುದಿಲ್ಲ. ಹಾಡನ್ನು ನಿಲ್ಲಿಸಬಹುದು, ಸ್ನಾನ ಮಾಡಿ ಬರಬಹುದು, ಹುಟ್ಟನ್ನು ಬದಲಿಸಲಾಗದು. ಈ ವ್ಯತ್ಯಾಸವನ್ನು ಹತ್ತು ವರ್ಷದ ಮಗುವಿಗೂ ವಿವರಿಸಬಹುದು, ಮತ್ತು ವಿವರಿಸಲು ಈ ಆಟ ಒಳ್ಳೆಯ ನೆಪ. ಆದರೂ ಒಂದು ಎಚ್ಚರ. "ನಾತ ಬರುತ್ತದೆ" ಎಂಬ ಮಾತು ನಮ್ಮಲ್ಲಿ ಎಷ್ಟೋ ಸಲ ಕೆಲಸದ ಬಗೆಗಿನ ಮಾತಲ್ಲ, ಜಾತಿಯ ಬಗೆಗಿನ ಮಾತೇ ಆಗಿರುತ್ತದೆ. ಚರಂಡಿ ತೊಳೆದು, ಚರ್ಮ ಹದಮಾಡಿ, ಹೊಲದಲ್ಲಿ ಬೆವರಿ ಬಸ್ಸೇರಿದವರ ಮೈನಾತ ಅವರ ದುಡಿಮೆಯದು. ಆ ದುಡಿಮೆಯನ್ನು ಅವರ ಹೆಗಲಿಗೆ ಹೊರಿಸಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಬಾರ್ಸಿಲೋನಾದ ಚಿತ್ರಕಾರರಿಗೆ ಇದು ಹೊಳೆಯಬೇಕಾಗಿಲ್ಲ. ನಮ್ಮ ಮಕ್ಕಳು ಮೈಮೇಲೆ ನೊಣ ಹಾರಾಡುವ ಆಕೃತಿಯನ್ನು ಎತ್ತಿ ಮೂಲೆಗೆ ಸರಿಸಿ ಚಪ್ಪಾಳೆ ತಟ್ಟುವಾಗ, ಪಕ್ಕದಲ್ಲಿ ಕುಳಿತ ಹಿರಿಯರಿಗಾದರೂ ಹೊಳೆಯಬೇಕು.

ಹಾಗಾದರೆ ಆಟ ಹೇಗಿದೆ? ಚೆನ್ನಾಗಿದೆ. ಮಗು ಒಂದು ಹಂತದಲ್ಲಿ ಸಿಕ್ಕಿಕೊಂಡು ಒದ್ದಾಡುವ ಆ ಕಾಲು ಗಂಟೆ ವ್ಯರ್ಥವಲ್ಲ. ಎಲ್ಲರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದೆ ಯಾರನ್ನೂ ಕೂರಿಸಲಾಗದು ಎಂಬ ಪಾಠ ಅದರೊಳಗೆ ಸದ್ದಿಲ್ಲದೆ ಅಡಗಿದೆ. ಮದುವೆಯ ಊಟದ ಏರ್ಪಾಟು ಮಾಡಿದ ಯಾವ ಯಜಮಾನರನ್ನು ಕೇಳಿದರೂ ಅದರ ಬೆಲೆ ಹೇಳಿಯಾರು. ತಪ್ಪಿದರೆ ಗದರಿಸುವವರಿಲ್ಲ. ಚಿತ್ರಗಳಲ್ಲಿ ನಗೆಯಿದೆ, ಕುಹಕವಿಲ್ಲ. ನನಗೆ ಸಾಲದೆನಿಸಿದ್ದು ಒಂದೇ: ಇದು ನಮ್ಮನ್ನು ಒಬ್ಬರಿಂದೊಬ್ಬರು ಎಷ್ಟು ದೂರ ಕೂರಬೇಕೆಂದು ಕೇಳುವಷ್ಟು, ಎಷ್ಟು ಹತ್ತಿರ ಕೂರಬಹುದೆಂದು ಕೇಳುವುದಿಲ್ಲ.

ಅಂಥ ಒಗಟೂ ಇದೆ. ಕಟ್ಟಿದವರು ಒಬ್ಬ ಧರ್ಮಗುರುಗಳೇ. ಇಂಗ್ಲೆಂಡಿನ ಲಂಕಾಷೈರ್ ಸೀಮೆಯ ಕ್ರಾಫ್ಟ್ ಎಂಬ ಹಳ್ಳಿಯಲ್ಲಿ ಐದು ದಶಕಗಳ ಕಾಲ ಆಂಗ್ಲಿಕನ್ ಸಭಾಪಾಲಕರಾಗಿದ್ದ ಥಾಮಸ್ ಕರ್ಕ್‌ಮನ್ 1850ರಲ್ಲಿ ಒಂದು ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟರು. ಒಂದು ಶಾಲೆಯ 15 ಹೆಣ್ಣುಮಕ್ಕಳು ದಿನವೂ ಮೂವರ ಸಾಲುಗಳಲ್ಲಿ ನಡೆದು ಹೋಗುತ್ತಾರೆ. ಏಳು ದಿನಗಳಲ್ಲಿ ಯಾವ ಇಬ್ಬರೂ ಎರಡನೆಯ ಸಲ ಒಂದೇ ಸಾಲಿನಲ್ಲಿ ಬೀಳದಂತೆ ಏರ್ಪಡಿಸುವುದು ಹೇಗೆ? ಒಬ್ಬೊಬ್ಬಳಿಗೂ ಜೊತೆಗಾರ್ತಿಯರು 14 ಮಂದಿ, ದಿನಕ್ಕೆ ಇಬ್ಬರಂತೆ ಏಳು ದಿನ. ಲೆಕ್ಕ ಸರಿಯಾಗಿ ಕೂಡಿಬಂದರೆ ವಾರ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬಳೂ ಉಳಿದ ಎಲ್ಲರ ಜೊತೆಗೂ ಒಮ್ಮೆ ನಡೆದಿರುತ್ತಾಳೆ. ಯಾರಿಗೆ ಯಾರು ಬೇಡವೆಂದು ಅಲ್ಲಿ ಕೇಳುವಂತೆಯೇ ಇಲ್ಲ. ಈ ಪುಟ್ಟ ಪ್ರಶ್ನೆಯಿಂದ ಗಣಿತದ ಒಂದು ಶಾಖೆಯೇ ಚಿಗುರಿತು.

ಹದಿನೈದು ನಮಗೆ ಹೆಚ್ಚಾದೀತು. ನಿಮ್ಮ ಧರ್ಮಕೇಂದ್ರದ ಧರ್ಮೋಪದೇಶದ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರೆ ನಾಲ್ಕು ಭಾನುವಾರ ಸಾಕು. ಮೂವರು ಕೂರುವ ಮೂರು ಬೆಂಚು. ಮಕ್ಕಳಿಗೆ 1ರಿಂದ 9ರವರೆಗೆ ಅಂಕೆ ಕೊಡಿ. ಮೊದಲ ಭಾನುವಾರ 1, 2, 3 ಒಂದು ಬೆಂಚು; 4, 5, 6 ಇನ್ನೊಂದು; 7, 8, 9 ಮತ್ತೊಂದು. ಎರಡನೆಯ ಭಾನುವಾರ 1, 4, 7. 2, 5, 8. 3, 6, 9. ಮೂರನೆಯ ಭಾನುವಾರ 1, 5, 9. 2, 6, 7. 3, 4, 8. ಹಿಂದೆ ಜೊತೆಯಾದ ಯಾರೂ ಮತ್ತೆ ಜೊತೆಯಾಗದಂತೆ, ಉಳಿದವರೆಲ್ಲರೂ ಸೇರುವಂತೆ ನಾಲ್ಕನೆಯ ಭಾನುವಾರದ ಮೂರು ಬೆಂಚುಗಳನ್ನು ತುಂಬಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.